ಕ್ಷೇಮವಿಲ್ಲದ ಕಾರ್ಡು

ಗುರುಪಾದಯ್ಯ ಮಾಸ್ತರರ ಮನೆಗೂ ಅವರ ಸಾಲಿಗೂ ನಡುವೆ ಒಂದೇ ಗೋಡೆ. ಆ ಕಡೆ ಏಳನೆಯ ಇಯತ್ತೆ, ಈ ಕಡೆ ಸೀತವ್ವನ ಒಲೆ. ತಿಕೋಟಾದ ಹೊರಗೆ, ಹೊಲಗಳು ಶುರುವಾಗುವ ಕಡೆ ಇದ್ದ ಸಣ್ಣ ಸಾಲಿ ಅದು. ಹಿಂದಿನ ಖೋಲಿಯನ್ನು ಮಾಸ್ತರರಿಗೆ ಇರಲಿಕ್ಕೆ ಕೊಟ್ಟಿದ್ದರು. ಮಳೆ ಬಂದರೆ ಎರಡೂ ಕಡೆ ಕೂಡಿಯೇ ಸೋರುತ್ತಿತ್ತು. ಮಾಸ್ತರರು ಸಿಟ್ಟಾದರೆ ಎರಡೂ ಕಡೆ ಕೂಡಿಯೇ ಕೇಳುತ್ತಿತ್ತು.

ಸೀತವ್ವ ಅವರ ಹೆಂಡತಿ. ಇಟ್ಟಂಗಿಹಾಳದಲ್ಲಿ ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಆಮೇಲೆ ಏನು ಕಲಿತಳೋ ಅದೆಲ್ಲ ಆ ಗೋಡೆಯಿಂದ ಕಲಿತದ್ದು. ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಮಕ್ಕಳಿರಲಿಲ್ಲ. ಆ ಮಾತು ಅಷ್ಟಕ್ಕೆ ಬಿಡೋಣ.

ಮಾಸ್ತರರು ಬಬಲೇಶ್ವರದವರು. ಅವರ ಅಪ್ಪ ಜೋಳಿಗೆ ಹಾಕಿಕೊಂಡು ಮನೆಮನೆಗೆ ಕಂತಿಭಿಕ್ಷೆಗೆ ಹೋಗುತ್ತಿದ್ದ ಅಯ್ಯನವರು. ಮಗನಿಗೆ ಜೋಳಿಗೆ ಬೇಡವಾಗಿತ್ತು. ಸಾಲಿ ಕಲಿತರು, ವಿಜಾಪುರದಲ್ಲಿ ಟ್ರೇನಿಂಗ್ ಮುಗಿಸಿದರು. ನಿಡೋಣಿಯಲ್ಲಿ ಹತ್ತು ವರ್ಷ ಕಲಿಸಿದರು. ಎಪ್ಪತ್ತನೆಯ ಇಸವಿಗೆ ತಿಕೋಟಾಕ್ಕೆ ಬಂದರು. ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಕೆಂಪು ಪೆನ್ಸಿಲು. ಊಟಕ್ಕೆ ಕುಂತಾಗಲೂ ತೆಗೆಯುತ್ತಿರಲಿಲ್ಲ.

ಅವರಿಗೆ ಇದ್ದದ್ದು ಒಂದೇ ಹುಚ್ಚು. ಯಾವುದಾದರೂ ಹುಡುಗ, ಇಲ್ಲ ಹುಡುಗಿ, ತನ್ನ ತಲೆಯಿಂದ ಒಂದು ಸಾಲು ಬರೆಯಬೇಕು. ಒಂದೇ ಒಂದು. ಇಷ್ಟು ವರ್ಷ ಕಲಿಸಿದರೂ ಅದು ಆಗಿರಲಿಲ್ಲ.

ತಪ್ಪು ಹುಡುಗರದಲ್ಲ. ಹೆಡ್ ಮಾಸ್ತರ ಶಿವಶರಣಪ್ಪನವರ ಹತ್ತಿರ ಹನ್ನೆರಡು ನಿಬಂಧ, ನಾಲ್ಕು ಪತ್ರ ಇದ್ದವು. ಪ್ರತಿ ವರ್ಷ ಅವನ್ನೇ ಕರಿಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದರು. ಪರೀಕ್ಷೆಯಲ್ಲಿ ಅವುಗಳಲ್ಲೇ ಒಂದು ಬರುತ್ತಿತ್ತು, ಹುಡುಗರು ಪಾಸಾಗುತ್ತಿದ್ದರು. "ನಮ್ಮ ಮನೆ" ಅಂತ ನಿಬಂಧ ಕೊಟ್ಟರೆ ಅಷ್ಟೂ ಮಂದಿ ಬರೆಯುವುದು ಒಂದೇ: "ನಮ್ಮ ಮನೆಯ ಮುಂದೆ ಸುಂದರವಾದ ಹೂದೋಟವಿದೆ." ಊರ ಹೊರಗಿನ ಆ ಮನೆಗಳ ಮುಂದೆ ಇದ್ದದ್ದು ತಿಪ್ಪೆ.

ಎಪ್ಪತ್ತೈದನೆಯ ಇಸವಿ, ಜಾನೇವಾರಿ ತಿಂಗಳು. ಮಾಸ್ತರರು ಪತ್ರ ಬರೆಯುವ ಪಾಠ ತೆಗೆದರು. ಸೀತವ್ವ ಈ ಕಡೆ ಹಿಟ್ಟು ನಾದುತ್ತಿದ್ದಳು.

"ನಿಮ್ಮ ಅಪ್ಪಗ ಒಂದು ಪತ್ರಾ ಬರೀರಿ," ಅಂದರು.

ಬಳಪದ ಸಪ್ಪಳ ಶುರುವಾಯಿತು. ಯಾರೂ ತಡೆದು ಯೋಚಿಸಲಿಲ್ಲ. ಮಾಸ್ತರರು ಒಂದೊಂದೇ ಪಾಟಿ ತಗೊಂಡು ಓದಿದರು. ಎಲ್ಲದರಲ್ಲೂ ಅದೇ. ಮೊದಲು ಶಿರಸಾಷ್ಟಾಂಗ ನಮಸ್ಕಾರ. ಆಮೇಲೆ "ಇತ್ತ ಕಡೆ ಎಲ್ಲರೂ ಕ್ಷೇಮ. ಅತ್ತ ಕಡೆಯ ಕ್ಷೇಮ ತಿಳಿಸುವುದು." ಆಮೇಲೆ ಚೆನ್ನಾಗಿ ಅಭ್ಯಾಸ ಮಾಡುತ್ತಿದ್ದೇನೆ. ಮುಗಿಯಿತು.

ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದರು.

"ನಿಮ್ಮಪ್ಪ ಎಲ್ಲಿರ್ತಾನಲೇ?"

"ಮನ್ಯಾಗ್ರಿ."

"ನೀ ಎಲ್ಲಿರ್ತಿ?"

"ಮನ್ಯಾಗ್ರಿ."

"ಮತ್ತ ಇತ್ತ ಕಡೆ ಅಂದ್ರ ಯಾವುದು, ಅತ್ತ ಕಡೆ ಅಂದ್ರ ಯಾವುದಲೇ?"

"ಇತ್ತ ಕಡೆ ನಾ ಮಲಕೋತೀನ್ರಿ. ಅತ್ತ ಕಡೆ ಅಂವ ಮಲಕೋತಾನ್ರಿ."

ಇಯತ್ತೆ ಎಲ್ಲ ನಕ್ಕಿತು. ಈ ಕಡೆ ಸೀತವ್ವನೂ ನಕ್ಕಳು. ಮಾಸ್ತರರು ನಗಲಿಲ್ಲ. ಇನ್ನೊಬ್ಬನ ಹತ್ತಿರ ಹೋದರು.

"ನಿನ್ನೆ ನಿಮ್ಮ ಎತ್ತು ಸತ್ತೈತಿ. ಹೌದಿಲ್ಲೋ?"

"ಹೌದ್ರಿ."

"ನಿಮ್ಮವ್ವ ಅಳೂದು ಇಲ್ಲಿತನಾ ಕೇಳಿತು. ಮತ್ತ ಎಲ್ಲಾ ಕ್ಷೇಮ ಅಂತ ಹೆಂಗ ಬರದಿ?"

"ಎತ್ತು ಪತ್ರಾದಾಗ ಬರೂದಿಲ್ರೀ ಮಾಸ್ತರ."

ಆವತ್ತು ಮಧ್ಯಾಹ್ನ ಮಾಸ್ತರರು ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟರು. "ಎತ್ತು ಪತ್ರಾದಾಗ ಬರೂದಿಲ್ಲಂತ," ಅಂದರು. "ಕೈಗೆ ಬರಿಯೂದ ಕಲಿಸೀನಿ. ಅವರಿಗೆ ಕಲಿಸಿಲ್ಲ. ಕೈ ಒಂದ ಬರಿತೈತಿ."

"ಊಟಾ ಮಾಡ್ರಿ," ಅಂದಳು ಸೀತವ್ವ.

ಮರುದಿನ ಅವರು ಅಂಚೆ ಆಫೀಸಿಗೆ ಹೋಗಿ ಕಾರ್ಡು ತಂದರು. ಹುಡುಗರಿಗೆಲ್ಲ ಒಂದೊಂದು. ಕರಿಹಲಗೆಯ ಮೇಲೆ "ಇತ್ತ ಕಡೆ ಎಲ್ಲರೂ ಕ್ಷೇಮ" ಅಂತ ದೊಡ್ಡದಾಗಿ ಬರೆದರು. ಅದರ ಮೇಲೆ ಅಡ್ಡ ಗೆರೆ ಎಳೆದರು.

"ಈ ಸಾಲು ಬರದವ್ರಿಗೆ ಸೊನ್ನಿ," ಅಂದರು. "ನಿಮ್ಮ ಮನ್ಯಾಗ ಏನ ಆಗೈತಿ ಅದನ್ನ ಬರೀರಿ. ಮೊದಲ ಪಾಟಿ ಮ್ಯಾಲ, ಆಮ್ಯಾಲ ಕಾರ್ಡಿನ ಮ್ಯಾಲ. ಬೇರೆ ಊರಾಗ ಇದ್ದವ್ರಿಗೆ ಬರದ್ರ ನಾನ ಟಪಾಲಿಗೆ ಹಾಕತೀನಿ."

ಗೋಡೆಯ ಆಚೆ ಸಪ್ಪಳವೇ ಇಲ್ಲ. ಬಳಪ ಎತ್ತಿದವರಿಲ್ಲ. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಹುಡುಗರು ಕಾರ್ಡು ಮುಂದೆ ಇಟ್ಟುಕೊಂಡು ಕೂಡುತ್ತಿದ್ದರು. ಆ ಒಂದು ಸಾಲು ತೆಗೆದರೆ ಮುಂದೆ ಹೋಗಲಿಕ್ಕೆ ದಾರಿಯೇ ಇಲ್ಲದವರ ಹಾಗೆ. ಮೂರನೆಯ ದಿನ ಮಾಸ್ತರರು ಕಿರುಚಿದರು. "ಕಲ್ಲಾಗ್ಯಾರ! ಕಲ್ಲಿಗಾದ್ರೂ ಉಳಿ ಹತ್ತತೈತಿ!" ಯಾವುದೋ ಹುಡುಗಿ ಅತ್ತಳು. ಸಂಜೆಗೆ ಶಿವಶರಣಪ್ಪನವರು ಬಂದು ಬಾಗಿಲಲ್ಲಿ ನಿಂತರು.

"ಗುರುಪಾದಯ್ಯ, ಎಪ್ರಿಲ್ ತಿಂಗಳಿಗೆ ಪರೀಕ್ಷೆ. ಏಳನೇತ್ತೆ ಅದು, ಆಟಲ್ಲ. ಹುಡುಗ್ರಿಗೆ ಪತ್ರಾ ಬರತಿತ್ತು. ನೀವು ಬಂದು ಮರಸಾಕತ್ತೀರಿ."

"ಅದು ಪತ್ರ ಅಲ್ರಿ. ಛಾಪ."

"ಛಾಪ ಇದ್ರನ ಮಾರ್ಕು ಬೀಳತಾವ," ಅಂದು ಅವರು ಹೋದರು.

ಐದನೆಯ ದಿನ ಒಬ್ಬಳು ಬರೆದಳು. ಚಾಂದಬಿ.

ಸಾಲಿಯ ಎದುರಿನ ಓಣಿಯ ಹುಡುಗಿ ಅವಳು. ಹದಿಮೂರು ವರ್ಷ. ಅವಳ ಅಪ್ಪ ಮಲಂಗಸಾಬ ಸೊಲ್ಲಾಪುರದ ಗಿರಣಿಯಲ್ಲಿ ಬದಲಿ ಕೆಲಸಕ್ಕೆ ಇದ್ದ. ದಿನಾ ಗೇಟಿನ ಮುಂದೆ ನಿಲ್ಲಬೇಕು, ಯಾರಾದರೂ ಬಾರದಿದ್ದರೆ ಕೆಲಸ, ಬಂದರೆ ಇಲ್ಲ. ಮನೆಯಲ್ಲಿ ಅವ್ವ, ಮತ್ತೆ ದಾದಿಮಾ ರಹಿಮಾಬಿ. ಹೆಣ್ಣುಹುಡುಗಿಗೆ ಇಷ್ಟು ಸಾಲಿ ಯಾಕೆ ಅಂತ ಅಪ್ಪ ಪ್ರತಿ ವರ್ಷ ಅನ್ನುವುದು, ಇದೊಂದು ವರ್ಷ ಅಂತ ಇವಳು ಅಳುವುದು. ಹೀಗೇ ಏಳನೆಯದಕ್ಕೆ ಬಂದಿದ್ದಳು.

ಮಾಸ್ತರರು ಅವಳ ಕಾರ್ಡು ಹಿಡಿದುಕೊಂಡು ಒಲೆಯ ಹತ್ತಿರ ಬಂದರು. ಚಪ್ಪಲಿ ಕಳಚಲಿಲ್ಲ.

"ಕೇಳಿಲ್ಲಿ," ಅಂದರು. ನಿಂತುಕೊಂಡೇ ಓದಿದರು.

"ಅಬ್ಬಾ. ಆಡು ಎರಡು ಮರಿ ಹಾಕಿತು. ಒಂದಕ್ಕೆ ಕಣ್ಣಿಲ್ಲ. ದಾದಿಮಾ ಅದನ್ನು ಬಿಡು ಅಂದಳು. ನಾನು ಬಿಡಲಿಲ್ಲ, ಬೆರಳಲ್ಲಿ ಹಾಲು ಕುಡಿಸಿದೆ. ನೀನು ಮೊಹರಮ್ಮಿಗೆ ಬರುತ್ತೇನೆ ಅಂದಿದ್ದಿ. ನಾನು ಬಾಗಿಲಲ್ಲಿ ಕುಂತಿದ್ದೆ. ಡೋಲಿ ಹೋದವು. ಬಸ್ಸು ಬಂತು. ನೀನು ಇಳಿಯಲಿಲ್ಲ. ಚಾಂದಬಿ."

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಸೀತವ್ವ ತಿರುವಲಿಲ್ಲ. ಮದುವೆಯಾಗಿ ಹದಿನೇಳು ವರ್ಷ ಆಗಿತ್ತು. ಅವರ ಮುಖ ಹಾಗೆ ಇದ್ದದ್ದನ್ನು ಅವಳು ನೋಡಿರಲಿಲ್ಲ.

"ಕಾನಾ ಮಾತ್ರಾ, ಒತ್ತು ದೀರ್ಘ ಎಲ್ಲಾ ಸರಿ ಐತಿ," ಅಂದರು. ಅಷ್ಟು ಅಂದು ಕೂತರು.

ಸೀತವ್ವನಿಗೆ ಒಂದು ಮಾತು ನಾಲಗೆಯ ತುದಿಗೆ ಬಂತು. ಅಂದಳು ಕೂಡ.

"ಮ್ಯಾಲ ಕ್ಷೇಮ ಇಲ್ಲಲ್ರೀ. ಹರೀತಾರ."

ಆ ಸೀಮೆಯಲ್ಲಿ ಇದು ಎಲ್ಲರಿಗೂ ಗೊತ್ತು, ಯಾವ ಜಾತಿಯವರಾಗಲಿ. ಸಾವಿನ ಸುದ್ದಿಯ ಕಾರ್ಡಿನಲ್ಲಿ ಮಾತ್ರ ಕ್ಷೇಮ ಅಂತ ಬರೆಯುವುದಿಲ್ಲ. ಅಂಥ ಕಾರ್ಡನ್ನು ಹೊಸ್ತಿಲ ಒಳಗೆ ತರುವುದಿಲ್ಲ. ಸುದ್ದಿ ತಿಳಿದ ಕೂಡಲೇ ಹೊರಗೇ ಹರಿದು ಒಗೆಯುತ್ತಾರೆ.

"ಯಾರ ಹರೀತಾರ? ಓದಿದ್ರ ತಿಳಿಯೂದಿಲ್ಲೇನು, ಆಡು ಈದೈತಿ ಅಂತ?" ಮಾಸ್ತರರು ನಕ್ಕರು. ಆ ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ಸೀತವ್ವ ಎರಡನೆಯ ಸಲ ಹೇಳಲಿಲ್ಲ. ಅವರು ತಾವೇ ನಡೆದುಕೊಂಡು ಹೋಗಿ ಡಬ್ಬಿಗೆ ಹಾಕಿ ಬಂದರು.

ಆರು ದಿನ ಆದ ಮೇಲೆ, ಮುಂಜಾನೆ ಹತ್ತಕ್ಕೆ, ಸೀತವ್ವ ನೀರಿನ ಕೊಡ ಹೊತ್ತು ಬರುತ್ತಿದ್ದಳು. ವಿಜಾಪುರದ ಬಸ್ಸಿನಿಂದ ಮಲಂಗಸಾಬ ಇಳಿದ. ಕಂಕುಳಲ್ಲಿ ಕಾಗದ ಸುತ್ತಿದ ಗಂಟು. ತಲೆಗೆ ಟೊಪ್ಪಿಗೆ ಇಲ್ಲ, ಕಾಲಲ್ಲಿ ಒಂದೇ ಚಪ್ಪಲಿ. ಕಂಡವರು "ಬಂದ್ಯಾ ಮಲಂಗ?" ಅಂದರೆ ನಿಲ್ಲದೆ ಮುಂದೆ ನಡೆದ. ಓಣಿಗೆ ಬಂದವನೇ "ಮಾ! ಮಾ!" ಅಂತ ಬಾಯಿ ಮಾಡಿ ಅಳುತ್ತ ಓಡಿದ. ಓಣಿಯ ಮಂದಿ ಹಿಂದೆ ಓಡಿದರು. ಸೀತವ್ವನೂ ಕೊಡ ಇಳಿಸಿ ಓಡಿದಳು.

ರಹಿಮಾಬಿ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

ಮಗ ನಿಂತ. ಅವ್ವನನ್ನು ನೋಡಿದ. ಗಂಟು ಕೆಳಗೆ ಬಿತ್ತು.

"ಯಾಕೋ ಬೇಟಾ?" ಅಂದಳು ಮುದುಕಿ. "ಯಾರ ಸತ್ತಾರೋ?"

ಮುದುಕಿ ಗಂಟು ಎಳೆದು ಬಿಚ್ಚಿದಳು. ಬಿಳಿ ಅರಿವೆ, ಅತ್ತರು, ಊದಿನಕಡ್ಡಿ. ಅವನು ರೈಲು ಇಳಿದು ವಿಜಾಪುರದ ಬಜಾರಿಗೆ ಹೋಗಿ ಹೆಣಕ್ಕೆ ಸುತ್ತುವ ಕಫನ್ ತಗೊಂಡು ಬಂದಿದ್ದ. ಮುದುಕಿ ಅರಿವೆಯ ಅಂಚನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದಳು.

"ನನಗ ತಂದಿಯೇನೋ?" ಅಂದಳು. "ತೆಳ್ಳಗ ಐತಿ."

ಯಾರೋ ನಕ್ಕರು. ಮಲಂಗಸಾಬ ನೆಲಕ್ಕೆ ಕೂತು ಅತ್ತ. ಆಮೇಲೆ ಎದ್ದ.

"ಕಾರ್ಡ ಯಾರ ಬರದ್ರು?"

ಚಾಂದಬಿ ಬಾಗಿಲಲ್ಲಿದ್ದಳು. ಕಂಕುಳಲ್ಲಿ ಆ ಕುರುಡ ಮರಿ. "ನಾನ ಅಬ್ಬಾ."

"ಏನ ಬರದಿದ್ದಿ?"

"ಆಡು ಈದೈತಿ ಅಂತ."

ಅವನ ಕೈ ಎದ್ದಿತು. ಮುದುಕಿ ಆ ಕೈ ಹಿಡಿದಳು. "ಹೊಡಿಬ್ಯಾಡ. ಸತ್ತಾಕಿ ಮುಂದ ಜಗಳಾ ಆಡಬಾರದು."

ಮಲಂಗಸಾಬ ನೆಟ್ಟಗೆ ಸಾಲಿಗೆ ಬಂದ. ಅಷ್ಟು ಸಿಟ್ಟಿದ್ದರೂ ಹೊಸ್ತಿಲ ಹೊರಗೇ ನಿಂತ.

"ಏನ್ರೀ ಮಾಸ್ತರ, ಇದನ್ನ ಕಲಸಾಕತ್ತೀರಿ? ನಮ್ಮ ಚಾಳಿನ್ಯಾಗ ಕನ್ನಡದ ಕಾರ್ಡ ಎಲ್ಲಾ ನಿಡೋಣಿ ಬಸಗೊಂಡಪ್ಪ ಓದತಾನ. ಕಾರ್ಡ ತಗೊಂಡ, ಮ್ಯಾಲ ನೋಡಿದ, ಕ್ಷೇಮ ಇಲ್ಲ. ಅಲ್ಲೇ ಹರದ. ಮಲಂಗ್ಯಾ, ಲಗೂನ ಊರಿಗಿ ಹೋಗೋ ಅಂದ."

"ಕೆಳಗ ಓದಲಿಲ್ಲೇನೋ?" ಮಾಸ್ತರರ ದನಿ ಗೋಡೆಯ ಈ ಕಡೆ, ತಿರುಗಿ ಬಂದ ಸೀತವ್ವನಿಗೆ, ಸಣ್ಣಗೆ ಕೇಳಿತು. "ಒಂಬತ್ತ ಸಾಲು ಇದ್ವಲ್ಲೋ ಕೆಳಗ."

"ಸಾವಿನ ಕಾರ್ಡ ಯಾರ ಪೂರಾ ಓದತಾರ್ರೀ?"

ಮಲಂಗಸಾಬ ಬೆರಳು ಮಡಿಚಿ ಎಣಿಸತೊಡಗಿದ.

"ಹೋಗಿ ಬರೂದ್ರಾಗ ನಾಲ್ಕು ದಿನದ ಹಾಜರಿ ಹೋತು. ಗೇಟಿನ್ಯಾಗ ನನ್ನ ಹೆಸರು ಹಿಂದ ಬೀಳತೈತಿ. ಮನಿಗಿ ಕಫನ್ ಬಂದ ಕುಂತೈತಿ, ಅದನ್ನ ತಿರುಗಿ ಕೊಡಾಕ ಬರೂದಿಲ್ಲ. ಹುಡುಗಿ ಇನ್ನ ಸಾಲಿಗಿ ಬರೂದಿಲ್ಲ." ಹೋದ.

ಆವತ್ತು ಮಾಸ್ತರರು ಮನೆಗೆ ಬಂದು ಗೋಡೆಗೆ ಬೆನ್ನು ಹಚ್ಚಿ ಕೂತರು. ನಿಡೋಣಿಯ ಬಸಗೊಂಡಪ್ಪ ಅವರ ಕೈಯಲ್ಲೇ ಕಲಿತವನು. ಅವನಿಗೆ ಓದು ಕಲಿಸಿದ್ದು ಅವರೇ. ಅದನ್ನು ಅವರು ಸೀತವ್ವನಿಗೆ ಹೇಳಿ, ಕೆಂಪು ಪೆನ್ಸಿಲು ಕಿವಿಯಿಂದ ತೆಗೆದು ಗೂಡಿನಲ್ಲಿ ಇಟ್ಟರು.

"ಏನೇನಿತ್ತು ಅದರಾಗ?" ಅಂದರು. "ಡೋಲಿ ಹೋದವು, ಆಮ್ಯಾಲ?"

"ಬಸ್ಸು ಬಂತು," ಅಂದಳು ಸೀತವ್ವ.

"ಅಕಿ ಹಂಗ ಬರದಿರಲಿಲ್ಲ. ಬ್ಯಾರೆ ಇತ್ತು."

ಸೀತವ್ವ ಅಂದ ಹಾಗೆಯೇ ಇತ್ತು. ಆದರೆ ತೋರಿಸಲಿಕ್ಕೆ ಏನು ಉಳಿದಿತ್ತು? ಪಾಟಿಯ ಮೇಲಿನದು ಒರೆಸಿ ಹೋಗಿತ್ತು. ಕಾರ್ಡು ಸೊಲ್ಲಾಪುರದ ಗಟಾರಿನಲ್ಲಿತ್ತು.

ಪರೀಕ್ಷೆಗೆ ಎರಡು ತಿಂಗಳಿತ್ತು. ಮಾಸ್ತರರು ಮಲಂಗಸಾಬನ ಮನೆಗೆ ಮೂರು ಸಲ ಹೋದರು. ಮಲಂಗಸಾಬ ಸೊಲ್ಲಾಪುರಕ್ಕೆ ತಿರುಗಿ ಹೋಗಿದ್ದ. ಅವನ ಹೆಂಡತಿ ಬಾಗಿಲ ಮರೆಯಿಂದ "ಅವರು ಬ್ಯಾಡಂದಾರ್ರೀ" ಅನ್ನುತ್ತಿದ್ದಳು. ಮೂರನೆಯ ಸಲ ಸೀತವ್ವನೂ ಜೊತೆಗೆ ಹೋದಳು. ರಹಿಮಾಬಿ ಕಟ್ಟೆಯ ಮೇಲೆ ಕೂತಿದ್ದಳು.

"ಮುದುಕಿ, ನೀ ಆದ್ರೂ ಹೇಳಬಾರದೇನ?" ಅಂದಳು ಸೀತವ್ವ. "ಇಷ್ಟು ವರ್ಷ ಕಲತು ಬಾಗಲದಾಗ ಬಿಟ್ಟಂಗಾತು."

ಮುದುಕಿ ಬಾಯೊಳಗಿನ ತಂಬಾಕು ಆ ಕಡೆಯಿಂದ ಈ ಕಡೆಗೆ ಮಾಡಿದಳು. ಒಳಗೆ ಕೇಳುವ ಹಾಗೆ ಕೂಗಿದಳು.

"ಸತ್ತಾಕಿ ಹೇಳಾಕತ್ತೇನಿ! ಹುಡುಗಿ ಪರೀಕ್ಷೆಕ ಹೋಗಲಿ! ಸತ್ತಾಕಿ ಮಾತು ಮೀರಿದ್ರ ಮನಿಗಿ ಒಳ್ಳೇದಲ್ಲ!"

ಹೀಗೆ ಚಾಂದಬಿ ತಿರುಗಿ ಸಾಲಿಗೆ ಬಂದಳು. ಆದರೆ ಬಂದವಳು ಅದೇ ಹುಡುಗಿಯಲ್ಲ. ಮಾಸ್ತರರು ಅವಳ ಮುಂದೆ ಪಾಟಿ ಇಟ್ಟರು.

"ಆವತ್ತ ಬರದಿದ್ದಿಯಲ್ಲಾ, ಅದನ್ನ ಇನ್ನೊಮ್ಮೆ ಬರಿ ಅವ್ವಾ. ಟಪಾಲಿಗೆ ಹಾಕೂದಿಲ್ಲ. ನನಗಷ್ಟ."

ಹುಡುಗಿ ತಲೆ ಬಗ್ಗಿಸಿ ಬರೆದಳು. ಅಕ್ಷರ ಮುತ್ತಿನಂತೆ. "ಇತ್ತ ಕಡೆ ಎಲ್ಲರೂ ಕ್ಷೇಮ."

"ಇದಲ್ಲ."

ಅವಳು ಒರೆಸಿದಳು. ಮತ್ತೆ ಬರೆದಳು. "ಇತ್ತ ಕಡೆ ಎಲ್ಲರೂ ಕ್ಷೇಮ."

"ಆ ಕುರುಡ ಮರಿ ಹೆಂಗೈತಿ? ಅದನ್ನರ ಬರಿ."

ಬಳಪ ನಿಂತಿತು. ಗೋಡೆಯ ಈ ಕಡೆ ಸೀತವ್ವ ಕಾದಳು. ಏನೂ ಕೇಳಲಿಲ್ಲ. ಕಡೆಗೆ ಮಾಸ್ತರರೇ "ಹೋಗ್ಲಿ ಬಿಡು" ಅಂದರು.

ಪರೀಕ್ಷೆ ಆಯಿತು. ಕನ್ನಡದ ಪೇಪರಿನಲ್ಲಿ ಪತ್ರ ಬಂದಿತ್ತು. ಶಿವಶರಣಪ್ಪನವರ ನಾಲ್ಕರಲ್ಲಿ ಎರಡನೆಯದು. ಚಾಂದಬಿ ಅದನ್ನೇ ಒಂದಕ್ಷರ ತಪ್ಪದೆ ಬರೆದಳು. ಸಾಲಿಗೆ ಎಲ್ಲರಿಗಿಂತ ಹೆಚ್ಚು ಮಾರ್ಕು ಅವಳಿಗೇ. ಶಿವಶರಣಪ್ಪನವರು ಪೇಢೆ ಹಂಚಿದರು. "ನೋಡ್ರಿ ಗುರುಪಾದಯ್ಯ, ನಿಮ್ಮ ಹುಡುಗಿ," ಅಂತ ಒಂದು ಇವರ ಕೈಯಲ್ಲೂ ಇಟ್ಟರು. ಮಾಸ್ತರರು ಅದನ್ನು ಮನೆಗೆ ತಂದು ಸೀತವ್ವನಿಗೆ ಕೊಟ್ಟರು. ತಾವು ತಿನ್ನಲಿಲ್ಲ.

ಆಮೇಲೆ ಅವರು ಹುಡುಗರ ಮೇಲೆ ಸಿಟ್ಟಾಗುವುದನ್ನು ಬಿಟ್ಟರು. ಅದು ಸೀತವ್ವನಿಗೆ ಹೆಚ್ಚು ಕಷ್ಟ ಕೊಟ್ಟಿತು. ಗೋಡೆಯ ಆಚೆಯಿಂದ ಬರುವುದು ಈಗ ಬಾಯಿಪಾಠದ ದನಿ ಅಷ್ಟೇ. ಹೂದೋಟವಿದೆ, ಹೂದೋಟವಿದೆ. ಸಿಟ್ಟಾಗ್ರಿ, ಬೈರಿ, ಏನಾದ್ರೂ ಅನ್ರಿ ಅಂತ ಅವಳಿಗೆ ಅನ್ನಿಸುತ್ತಿತ್ತು. ಹಾಗಂತ ಹೇಳಲಿಲ್ಲ. ಅವಳು ಬೇಕಾದ ಮಾತನ್ನು ಬೇಕಾದಾಗ ಹೇಳಿದವಳಲ್ಲ.

ಎಪ್ಪತ್ತೇಳರಲ್ಲಿ ಚಾಂದಬಿಯ ಮದುವೆ ಆಯಿತು. ಅರಕೇರಿಗೆ ಕೊಟ್ಟರು. ಮಾಸ್ತರರು ಅವಳಿಗೆ ಒಂದು ಕಾರ್ಡು ಹಾಕಿದರು. ಕೊನೆಗೆ ಒಂದು ಸಾಲು: "ಆ ಕುರುಡ ಮರಿ ಏನಾಯಿತು?" ಉತ್ತರ ಬಂತು. "ತೀರ್ಥರೂಪ ಸಮಾನರಾದ ಗುರುಗಳಿಗೆ ನಮಸ್ಕಾರಗಳು. ಇತ್ತ ಕಡೆ ಎಲ್ಲರೂ ಕ್ಷೇಮ. ಅತ್ತ ಕಡೆಯ ಕ್ಷೇಮ ತಿಳಿಸುವುದು." ಮರಿಯ ಮಾತಿಲ್ಲ. ಮಾಸ್ತರರು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ವಿಳಾಸದ ಕಡೆಗೂ ನೋಡಿದರು, ಅಲ್ಲೇನಾದರೂ ಬರೆದಾಳೇನೋ ಅಂತ. ಆಮೇಲೆ ಗೂಟದ ತಂತಿಗೆ ಚುಚ್ಚಿದರು.

ಹೀಗೆ ಒಟ್ಟು ಮೂರು ಕಾರ್ಡು ಹಾಕಿದರು. ಮೂರರಲ್ಲೂ ಅದನ್ನೇ ಕೇಳಿದರು. ಮೂರು ಬಂದವು. ಮೂರೂ ಅವೇ.

"ಓಣಿ ಎದುರಿಗೆ ಅವರ ಮನಿ. ಹೋಗಿ ರಹಿಮಾಬಿಗೆ ಕೇಳಿದ್ರ ಹೇಳತಾಳ," ಅಂದಳು ಸೀತವ್ವ. "ನಾನ ಕೇಳಿ ಬರತೇನಿ ಬಿಡ್ರಿ."

"ಬ್ಯಾಡ," ಅಂದರು. "ಅಕಿ ಬರೀಬೇಕು."

ಎಪ್ಪತ್ತೆಂಟರ ಮಳೆಗಾಲಕ್ಕೆ ಅವರಿಗೆ ಕೆಮ್ಮು ಹತ್ತಿತು. ಕರಿಹಲಗೆಯ ಸುಣ್ಣದ ಪುಡಿ ಎದೆಗೆ ಇಳಿದೈತಿ ಅಂತ ಕೆಲವರು, ಹಳೆಯ ಜ್ವರ ಅಂತ ಕೆಲವರು. ವಿಜಾಪುರದ ದವಾಖಾನೆಗೆ ಒಯ್ದರು. ಹದಿನಾಲ್ಕು ದಿನ ಇದ್ದರು. ಸೀತವ್ವ ಕಾಟಿನ ಕೆಳಗೆ ಕೂತಿರುತ್ತಿದ್ದಳು. ಎಚ್ಚರ ಇದ್ದಾಗ ಅವರು ಕೇಳಿದ್ದು ಒಂದೇ, ಟಪಾಲು ಬಂತೇನ. ದವಾಖಾನೆಗೆ ಯಾರ ಟಪಾಲು ಬರುತ್ತದೆ? ಇಲ್ಲ ಅನ್ನುತ್ತಿದ್ದಳು. ಬಂತು ಅಂತ ಒಂದು ಸುಳ್ಳು ಹೇಳಬಹುದಿತ್ತು. ಮರಿ ಬದುಕೈತಂತ ಅನ್ನಬಹುದಿತ್ತು. ಹೊಳೆಯಲಿಲ್ಲ. ಕೊನೆಯ ಮೂರು ದಿನ ಅವರಿಗೆ ಮಾತೇ ಇರಲಿಲ್ಲ. ಶ್ರಾವಣದ ಎರಡನೆಯ ಸೋಮವಾರ ಹೋದರು.

ಬಬಲೇಶ್ವರದಲ್ಲಿ ಅವರ ಅಪ್ಪನ ಪಕ್ಕದಲ್ಲೇ ಇಟ್ಟರು. ಬೀಗರು ಬಿಜ್ಜರಿಗೆ ಶಿವಶರಣಪ್ಪನವರೇ ಕಾರ್ಡು ಬರೆದರು. ಮೂವತ್ತು ಕಾರ್ಡು, ಮೂವತ್ತೂ ಒಂದೇ ತರಹ, ಕ್ಷೇಮವಿಲ್ಲದವು. ಓದಿದವರು ಓದಿದಲ್ಲೇ ಹರಿದರು. ಹಾಗೇ ಮಾಡಬೇಕು. ಆದರೂ ಸೀತವ್ವನಿಗೆ ಅದು ಸರಿ ಬರಲಿಲ್ಲ. ಇಡೀ ಜನ್ಮ ಬರೆಯುವುದನ್ನು ಕಲಿಸಿದ ಮನುಷ್ಯ. ಅವನ ಹೆಸರಿದ್ದ ಕಾಗದ ಮೂವತ್ತು ಹೊಸ್ತಿಲ ಮುಂದೆ ಚೂರಾಗಿ ಬಿತ್ತು.

ದೀಪಾವಳಿಯ ತನಕ ಖೋಲಿಯಲ್ಲಿ ಇರಲಿಕ್ಕೆ ಬಿಟ್ಟಿದ್ದರು. ಹೊಸ ಮಾಸ್ತರರು ಬರುವವರಿದ್ದರು, ಅವಳು ಇಟ್ಟಂಗಿಹಾಳಕ್ಕೆ ಅಣ್ಣನ ಮನೆಗೆ ಹೋಗುವವಳಿದ್ದಳು. ಪಾತ್ರೆ ಕಟ್ಟುತ್ತಿದ್ದಳು. ಅಂಚೆಯವನು ಬಂದು ಒಂದು ಕಾರ್ಡು ಕೊಟ್ಟ. ಅಂಗಳದಲ್ಲಿ ನೆರೆಮನೆಯ ರುಕ್ಮವ್ವ ಇದ್ದಳು.

"ಯಾರದವ್ವಾ?"

ಸೀತವ್ವ ಮೇಲಿನ ಸಾಲು ನೋಡಿದಳು. ನಿಂತಳು. "ಕ್ಷೇಮ ಇಲ್ಲ."

"ಅಯ್ಯ ಶಿವನ, ಮತ್ತ ಯಾರ ಹೋದ್ರು? ಹರದ ಒಗಿ, ಹರದ ಒಗಿ! ಒಳಗ ಒಯ್ಯಬ್ಯಾಡ. ಇದ್ದದ್ದ ಸಾಕಾಗೇತಿ ನಿನಗ."

ಸೀತವ್ವ ಹರಿಯಲಿಲ್ಲ. ಅಂಗಳದಲ್ಲಿ ನಿಂತೇ ಕೂಡಿಸಿ ಕೂಡಿಸಿ ಓದಿದಳು. ಅವಳ ಓದು ನಿಧಾನ.

"ಅವ್ವಾರಿಗೆ. ಮಾಸ್ತರರು ಹೋದರು ಅಂತ ಜೋಳದ ಚೀಲ ಹೇರುವವರು ಹೇಳಿದರು. ನಾನು ಒಲೆಯ ಮುಂದೆ ಇದ್ದೆ. ಏಳಲಿಕ್ಕೆ ಆಗಲಿಲ್ಲ. ಮಾಸ್ತರರು ಮರಿ ಏನಾಯಿತು ಅಂತ ಮೂರು ಸಲ ಕೇಳಿದರು. ನಾನು ಬರೆದರೆ ಮನೆಗೆ ಕಫನ್ ಬರುತ್ತದೆ ಅಂತ ಬರೆಯಲಿಲ್ಲ. ಬರೆಯದಿದ್ದರೂ ಹೋದರು. ಮರಿ ಬದುಕಿದೆ. ಹೆಣ್ಣು. ಎರಡು ಸಲ ಈದಿತು. ಅದರ ಮರಿಗಳಿಗೆ ಕಣ್ಣು ಇವೆ. ಮದುವೆಯಲ್ಲಿ ನನ್ನ ಜೊತೆಗೇ ಅರಕೇರಿಗೆ ಬಂತು. ದಾದಿಮಾ ಕೊಟ್ಟಳು. ಚಾಂದಬಿ."

ಸೀತವ್ವನಿಗೆ ಮೊದಲು ಬಂದದ್ದು ಸಿಟ್ಟು. ಮೂರು ತಿಂಗಳು ತಡ. ಅವರಿದ್ದಾಗ ಇಷ್ಟು ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು ಈ ಹುಡುಗಿಯದು? ಒಂದು ಸಾಲು. ಮರಿ ಬದುಕಿದೆ. ಅಷ್ಟೇ ಸಾಕಿತ್ತು.

"ಹರಿಯ ಸೀತವ್ವಾ," ಅಂದಳು ರುಕ್ಮವ್ವ.

"ನೀ ಹೋಗ ಮನಿಗಿ," ಅಂದಳು ಸೀತವ್ವ.

ಕಾರ್ಡನ್ನು ಹೊಸ್ತಿಲ ಒಳಗೆ ಒಯ್ದಳು. ತಂತಿಗೆ, ಆ ಮೂರು ಕ್ಷೇಮದ ಕಾರ್ಡಿನ ಮೇಲೆ, ಚುಚ್ಚಿದಳು. ಮಾಸ್ತರರು ತಂದಿಟ್ಟ ಕಾರ್ಡುಗಳಲ್ಲಿ ಇನ್ನೂ ಕೆಲವು ಗೂಡಿನಲ್ಲಿ ಇದ್ದವು. ಒಂದು ತಗೊಂಡಳು. ಪಕ್ಕದಲ್ಲೇ ಕೆಂಪು ಪೆನ್ಸಿಲು ಇತ್ತು. ಅದನ್ನು ಮುಟ್ಟಲಿಲ್ಲ. ಸೀಸದ ಪೆನ್ಸಿಲು ಹುಡುಕಿ ತಂದು, ಗೋಡೆಗೆ ಬೆನ್ನು ಹಚ್ಚಿ ಕೂತಳು. ಅವಳು ತಾನಾಗಿ ಯಾರಿಗೂ ಕಾರ್ಡು ಬರೆದವಳಲ್ಲ.

"ಚಾಂದಬಿ" ಅಂತ ಮೊದಲು ಬರೆಯಬೇಕು ಅಂದುಕೊಂಡಳು. ಆಮೇಲೆ ಕೈ ತಡೆದಳು. ಅರಕೇರಿಯಲ್ಲಿ ಕಾರ್ಡು ಮೊದಲು ಯಾರ ಕೈಗೆ ಹೋಗುತ್ತದೆ? ಅತ್ತೆಯ ಕೈಗೆ, ಇಲ್ಲ ಓದು ಬರುವ ಮೈದುನನ ಕೈಗೆ. ಮೇಲೆ ನೋಡುತ್ತಾರೆ. ಕ್ಷೇಮ ಇಲ್ಲದಿದ್ದರೆ ಬಾಗಿಲಲ್ಲೇ ಹರಿಯುತ್ತಾರೆ. ಕೆಳಗಿನದು ಹುಡುಗಿಗೆ ಮುಟ್ಟುವುದೇ ಇಲ್ಲ.

ಆಗ ಅವಳಿಗೆ ತಿಳಿಯಿತು. ಕ್ಷೇಮದ ಆ ಸಾಲು ಬಾಗಿಲು ಬಡಿಯುವ ಸಪ್ಪಳ ಅಷ್ಟೇ. ಮೊದಲು ಬಡಿಯಬೇಕು, ತೆಗೆದ ಮೇಲೆ ಹೇಳುವುದು ಹೇಳಬೇಕು. ಮಾಸ್ತರರು ಬಡಿಯುವುದನ್ನೇ ಬಿಡಿಸಿದರು. ಶಿವಶರಣಪ್ಪನವರು ಬಡಿದು ಬಡಿದು ತಿರುಗಿ ಬರಲಿಕ್ಕೆ ಕಲಿಸಿದರು. ಅದನ್ನು ಮೇಲೆ ಇಟ್ಟು, ಕೆಳಗೆ ಎತ್ತು ಸತ್ತದ್ದು ಬರೀರಿ ಅಂದಿದ್ದರೆ ಆಗಿಹೋಗುತ್ತಿತ್ತು. ಇಷ್ಟು ಓದಿದವರು, ಇಷ್ಟು ಅವರಿಗೆ ಹೊಳೆಯಲಿಲ್ಲ. ಮೂರನೆಯ ಇಯತ್ತೆಯವಳಿಗೆ ಹೊಳೆಯಿತು, ಹೇಳಲಿಕ್ಕೆ ಅವರಿಲ್ಲ.

ಬಾಯಲ್ಲಿ ಒಂದೊಂದೇ ಅಕ್ಷರ ಅಂದುಕೊಳ್ಳುತ್ತ ಬರೆದಳು.

"ಇತ್ತ ಕಡೆ ಎಲ್ಲರೂ ಕ್ಷೇಮ."

ಎಲ್ಲರೂ ಅಂದರೆ ಅವಳೊಬ್ಬಳು. ಖೋಲಿಯಲ್ಲಿ ಕಟ್ಟಿಟ್ಟ ಪಾತ್ರೆ. ಗೋಡೆಯ ಆಚೆ ದೀಪಾವಳಿಯ ಸೂಟಿ, ಸಪ್ಪಳವಿಲ್ಲ. ಅದರ ಕೆಳಗೆ ಬರೆದಳು.

"ಚಾಂದಬಿ. ನಿನ್ನ ಕಾರ್ಡು ಹರಿಯಲಿಲ್ಲ. ಓದಿದೆ. ಅವರು ದವಾಖಾನೆಯಲ್ಲಿ ಟಪಾಲು ಕೇಳುತ್ತಿದ್ದರು. ನಿನ್ನ ಮೇಲೆ ನನಗೆ ಸಿಟ್ಟಿದೆ. ಆಡು ಇನ್ನೊಮ್ಮೆ ಈದರೆ ಬರಿ. ಇಟ್ಟಂಗಿಹಾಳಕ್ಕೆ ಬರಿ. ಮೇಲೆ ಕ್ಷೇಮ ಹಾಕು. ಕೆಳಗೆ ಬೇಕಾದ್ದು ಬರಿ."

ಇನ್ನೂ ಬರೆಯುವುದಿತ್ತು. ಕಾರ್ಡು ಮುಗಿದಿತ್ತು.